ಮೂರನೇ ಬಾಟಲಿ

ಮೀನು ಸತ್ತು ತೇಲಿದ ನಾಲ್ಕನೇ ದಿನ ಕೆರೆಯ ಕೆಳದಂಡೆಗೆ ಇಲಾಖೆಯ ಕಚೇರಿಯಿಂದ ಎರಡು ಕಾಗದ ಬಂದವು. ಮೊದಲ ದಿನ ಬಾಯಲ್ಲಿ ಹೇಳಿದ್ದನ್ನೇ, ಸತ್ತ ಮೀನನ್ನೆಲ್ಲ ನೀವೇ ಎತ್ತಿ ಹೂಳಬೇಕು ಎಂದು, ಒಂದರಲ್ಲಿ ಬರೆದಿದ್ದರು. ಇನ್ನೊಂದು ಸ್ವಲ್ಪ ಉದ್ದದ್ದು. ಕೆರೆಯಲ್ಲಿ ಮೀನು ಕಡಿಮೆಯಾಗಲು ನೀವೇ ಕಾರಣ, ಮಿತಿಮೀರಿ ಹಿಡಿದಿದ್ದೀರಿ, ಮೂರು ವರ್ಷ ಬಲೆ ಬೀಸುವುದನ್ನು ನಿಲ್ಲಿಸಲು ಯೋಚಿಸಲಾಗಿದೆ, ಆಕ್ಷೇಪಣೆ ಇದ್ದರೆ ಮುಂದಿನ ತಿಂಗಳ ಸಭೆಗೆ ಬಂದು ಹೇಳಬಹುದು. ಎರಡಕ್ಕೂ ಒಂದೇ ಸೀಲು. ಒಂದೇ ಸಹಿ.

ಕಾಗದ ಓದಿ ಹೇಳಿದಾಗ ದೋಣಿಯಕ್ಕ ಕೆಸರಿನಲ್ಲಿ ಮೊಣಕಾಲವರೆಗೆ ಇಳಿದಿದ್ದಳು. ಮೀನುಗಳ ಹೊಟ್ಟೆ ಉಬ್ಬಿ ಬೆಳ್ಳಗಾಗಿತ್ತು. ಸಲಿಕೆ ತಾಗಿದರೆ ಒಡೆಯುತ್ತಿತ್ತು. ಕೈಯಲ್ಲೇ ಎತ್ತಬೇಕು. ಕೈಗವಸು ಕಳಿಸುತ್ತೇವೆ ಎಂದಿದ್ದರು, ಕಳಿಸಲಿಲ್ಲ. ಮೊದಲ ದಿನ ವಾಂತಿ ಮಾಡಿಕೊಂಡ ಹೆಂಗಸರು ನಾಲ್ಕನೇ ದಿನ ಮೂಗಿಗೆ ಬಟ್ಟೆ ಕಟ್ಟುವುದನ್ನೂ ಬಿಟ್ಟಿದ್ದರು. ಬುಟ್ಟಿ ತುಂಬುವುದು, ತಲೆಗೇರಿಸುವುದು, ಗುಂಡಿಗೆ ಸುರಿಯುವುದು. ಬುಟ್ಟಿಯಿಂದ ಸೋರಿದ ನೀರು ಕತ್ತಿನ ಹಿಂದೆ ಇಳಿದು ಬೆನ್ನೆಲ್ಲ ತುರಿಸುತ್ತಿತ್ತು. ಕೆರೆದರೆ ಗುಳ್ಳೆ ಏಳುತ್ತಿತ್ತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ" ಎಂದು ಗುಂಡಿ ತೋಡುತ್ತಿದ್ದ ಮುದುಕನೊಬ್ಬ ಉಗಿದ.

ಉತ್ತರದ ಚಳಿಸೀಮೆಯ ಸಣ್ಣ ಕೆರೆ ಅದು. ಈ ದಂಡೆಯಲ್ಲಿ ನಿಂತು ಬೈದರೆ ಆ ದಂಡೆಗೆ ಕೇಳಿಸುವಷ್ಟು ಸಣ್ಣದು. ಚಳಿಗಾಲದಲ್ಲಿ ಅಂಚಿನ ನೀರು ಗಾಜಿನಂತೆ ಗಟ್ಟಿಯಾಗುತ್ತದೆ. ತಣ್ಣಗಿನ ತಿಳಿನೀರಿನಲ್ಲಿ ಮಾತ್ರ ಬದುಕುವ ಮೀನೊಂದು ಅಲ್ಲಿತ್ತು. ಮೈಮೇಲೆ ಕೆಂಪು ಚುಕ್ಕೆ. ಚುಕ್ಕೆಮೀನು ಎನ್ನುತ್ತಿದ್ದರು. ದೋಣಿಯಕ್ಕನ ಅಪ್ಪನ ಕಾಲದಲ್ಲಿ ಒಂದು ಬಲೆ ಎಳೆಯಲು ನಾಲ್ಕು ಜನ ಬೇಕಾಗುತ್ತಿತ್ತು. ಮೇಲ್ದಂಡೆಯಲ್ಲಿ ವಸತಿಗೃಹ ಎದ್ದ ಮೇಲೆ ಇಬ್ಬರು ಸಾಕಾದರು. ಆಮೇಲೆ ಒಬ್ಬರು. ಈಗ ತಮ್ಮನ ಹೆಂಡತಿ ಒಂದು ಕೈಯಲ್ಲಿ ಎಳೆದು ತರುವ ಬಲೆಯಲ್ಲಿ ಪಾಚಿಯೇ ಹೆಚ್ಚು.

ಮೂರು ಮಹಡಿಯ ವಸತಿಗೃಹ. ಕೆರೆ ಕಾಣಲಿ ಎಂದು ಕೋಣೆಗೊಂದು ದೊಡ್ಡ ಕಿಟಕಿ. ಬಂದವರು ಅಲ್ಲಿ ಕೂತು ನೀರು ನೋಡುತ್ತಾರೆ. ಅವರು ತೊಳೆದದ್ದು, ಚೆಲ್ಲಿದ್ದು, ಕಳೆದದ್ದು ಎಲ್ಲ ಒಂದು ದಪ್ಪ ಪೈಪಿನಲ್ಲಿ ನೆಲದಡಿಯೇ ಹರಿದು, ಕೆರೆಯ ಬದಿಯಲ್ಲಿ ಸುತ್ತು ಹಾಕಿ, ಕೆಳದಂಡೆಯ ಗುಡಿಸಲುಗಳ ಪಕ್ಕದಲ್ಲಿ ಬಾಯಿ ಬಿಡುತ್ತದೆ. ಕಿಟಕಿಯಿಂದ ಪೈಪಿನ ಬಾಯಿ ಕಾಣುವುದಿಲ್ಲ. ಅಷ್ಟು ಯೋಚಿಸಿಯೇ ಹಾಕಿದ್ದರು.

ಕೆಳದಂಡೆಯ ಹೆಂಗಸರಲ್ಲಿ ಅರ್ಧ ಜನ ಅಲ್ಲೇ ಕಸಬರಿಕೆ ಹಿಡಿದವರು. ತಮ್ಮನ ಹೆಂಡತಿಯೂ ಹೋಗುತ್ತಾಳೆ. ದಿನಾ ಬೆಳಿಗ್ಗೆ ಹಿಂಬಾಗಿಲಿನಲ್ಲಿ ಕಾವಲುಗಾರ ಅವರನ್ನು ಸಾಲಾಗಿ ನಿಲ್ಲಿಸುತ್ತಾನೆ. ಕೈ ಚಾಚಿಸಿ, ತಿರುಗಿಸಿ, ಕಂಕುಳ ಎತ್ತಿಸಿ ಸುಗಂಧದ ಪಿಚಕಾರಿ ಹೊಡೆಯುತ್ತಾನೆ. ಮೀನಿನ ವಾಸನೆ ಹೋಗಬೇಕಂತೆ. ಆಮೇಲೆ ಒಳಗೆ ಬಿಟ್ಟು ಕಕ್ಕಸು ತೊಳೆಸುತ್ತಾರೆ.

ಆ ದಿನ ಮಧ್ಯಾಹ್ನ ಬುಟ್ಟಿ ಇಳಿಸಿ ಕೂತಾಗ ತಮ್ಮ ಅಕ್ಕನ ಎದುರಿಗೆ ಬಂದ. ಅವನ ಅಂಗೈ ಸಿಪ್ಪೆ ಸುಲಿದಿತ್ತು. ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಅವಳೇ ಎತ್ತಿ ಆಡಿಸಿದವನು.

"ಅಕ್ಕಾ, ಒಂದು ಕೇಳ್ತೀನಿ. ಆ ಬಾಟ್ಲಿ ಸಾಹೇಬನ್ನ ನೀನು ತಾನೆ ಕೂರಿಸ್ಕೊಂಡು ಹೋಗೋದು?"

"ಹೂಂ."

"ಏಳು ವರ್ಷದಿಂದ ಬಾಟ್ಲಿಲಿ ನೀರು ತುಂಬಿ ಅಳೀತಿದಾನೆ. ಕಾಗದದಲ್ಲಿ ಬರೆದಿದಾರೆ ನೋಡು, 'ನೀರಿನ ಗುಣಮಟ್ಟ ಉತ್ತಮ.' ನೀರು ಉತ್ತಮ ಆದ್ರೆ ಮೀನು ಯಾಕೆ ಸತ್ತಿದ್ದು? ಅದಕ್ಕೇ ನಾವು ಹಿಡಿದು ಖಾಲಿ ಮಾಡಿದ್ವಿ ಅಂತ ಬರೆದಿರೋದು. ಅವನು ಎಲ್ಲಿಂದ ತೆಗೀತಾನಕ್ಕಾ ನೀರು?"

ದೋಣಿಯಕ್ಕ ಕಾಲಿನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತ ಕೂತಳು.

"ಎಲ್ಲಿಂದ ಅಂತ ಕೇಳಿದೆ."

"ನಡುಮಧ್ಯದಿಂದ."

"ಮೂರು ಬಾಟ್ಲಿನೂ?"

"ಮೂರೂ."

ತಮ್ಮ ಅವಳನ್ನೇ ನೋಡಿದ. ಅವನ ಹೆಂಡತಿ ನೀರು ಕುಡಿಯುತ್ತಿದ್ದವಳು ಚೊಂಬು ಕೆಳಗಿಟ್ಟಳು. "ಸಾಹೇಬನ ಕಾಗದದ ಕೆಳಗೆ ಸಾಕ್ಷಿ ಸಹಿ ಯಾರದು ಅಕ್ಕಾ?" ಎಂದು ಅವಳೇ ಮೆಲ್ಲಗೆ ಕೇಳಿದಳು.

"ನಂದು."

ತಮ್ಮ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಎದ್ದು, ಬುಟ್ಟಿ ಹೊತ್ತು, ಹೋಗಿಬಿಟ್ಟ.

ಕೆರೆಯಲ್ಲಿ ನೀರು ತೆಗೆಯಲು ಮೂರು ಜಾಗ ಗೊತ್ತು ಮಾಡಿದ್ದರು. ಪ್ರತಿ ಜಾಗದಲ್ಲಿ ಒಂದು ಕೆಂಪು ಡಬ್ಬಿ ತೇಲುತ್ತಿತ್ತು. ಒಂದು ಮೇಲ್ದಂಡೆಯ ಹತ್ತಿರ, ಒಂದು ನಡುಮಧ್ಯ, ಮೂರನೆಯದು ಪೈಪಿನ ಬಾಯಿಯ ಎದುರಿಗೆ. ಬಾಟಲಿ ಸಾಹೇಬ ಮೊದಲ ವರ್ಷ ಮೂರೂ ಕಡೆ ಹೋಗಿದ್ದ. ಎರಡನೇ ವರ್ಷ ಮೂರನೇ ಡಬ್ಬಿ ದೂರದಿಂದಲೇ ಕಂಡ ಕೂಡಲೇ ಮೂಗು ಮುಚ್ಚಿಕೊಂಡು, "ಸಾಕು, ನಡುಮಧ್ಯಕ್ಕೇ ನಡಿ. ಕೆರೆ ಎಲ್ಲಾ ಒಂದೇ ನೀರಲ್ವಾ" ಎಂದಿದ್ದ. ಅದೇ ರೂಢಿಯಾಯಿತು. ಮೂರು ಬಾಟಲಿಯೂ ಒಂದೇ ಕಡೆ ತುಂಬುತ್ತಿದ್ದವು. ಚೀಟಿ ಮಾತ್ರ ಬೇರೆ ಬೇರೆ. ಜೊತೆಯ ಕಾಗದದಲ್ಲಿ 'ಮಾದರಿ ತೆಗೆದ ಜಾಗಗಳಿಗೆ ಸಾಕ್ಷಿ' ಎಂಬ ಸಾಲಿನ ಎದುರು ದೋಣಿ ನಡೆಸಿದವಳು ರುಜು ಹಾಕಬೇಕು. ಅವಳು ಹಾಕುತ್ತಿದ್ದಳು.

ಅವಳಿಗೆ ತಿಳಿಯುತ್ತಿರಲಿಲ್ಲವೆಂದಲ್ಲ. ಕೆಳದಂಡೆಯಲ್ಲಿ ಇಲಾಖೆಯ ಕೆಲಸ ಸಿಕ್ಕಿದ್ದು ಅವಳೊಬ್ಬಳಿಗೆ. ಗಂಡ ತೀರಿಹೋದ ವರ್ಷ ಸಿಕ್ಕಿದ್ದು. ಒಲೆ ಉರಿಯಬೇಕಿತ್ತು. ದೊಡ್ಡವರ ವಿಷಯ ನನಗ್ಯಾಕೆ ಎಂದು ಬಾಯಿ ಹೊಲಿದುಕೊಂಡಿದ್ದಳು. ಸಾಹೇಬ ಪ್ರತಿ ಸಲ ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಕೂರುತ್ತಿದ್ದ. ಇಳಿಯುವಾಗ ಹಾಳೆಯನ್ನು ಅವಳ ಕಡೆಗೆ ಎಸೆದು, "ತೊಳೆದಿಡು" ಎನ್ನುತ್ತಿದ್ದ. ಅವಳು ತೊಳೆದಿಡುತ್ತಿದ್ದಳು.

ಸಭೆಗೆ ವಾರ ಇರುವಾಗ ಅವನು ಬಂದ. ಬೆಳಗಿನ ಹೊತ್ತು, ತೆಳು ಮಂಜು. ಹಾಳೆ ಹಾಸಿ ಕೂತ. ತೊಡೆಯ ಮೇಲೆ ಮರದ ಪೆಟ್ಟಿಗೆ, ಅದರಲ್ಲಿ ಮೂರು ಗಾಜಿನ ಬಾಟಲಿ, ನೀರಿನೊಳಗಿನ ಆಮ್ಲಜನಕ ಅಳೆಯುವ, ತಂತಿ ತಗುಲಿಸಿದ ಮೀಟರು.

"ಬೇಗ ಮುಗಿಸು. ಹನ್ನೊಂದಕ್ಕೆ ಮೀಟಿಂಗಿದೆ ನಂಗೆ."

ದೋಣಿಯಕ್ಕ ಹುಟ್ಟು ಹಾಕಿದಳು. ಮೀನು ಹೊತ್ತ ಕುತ್ತಿಗೆ ಇನ್ನೂ ತಿರುಗುತ್ತಿರಲಿಲ್ಲ. ಅಂಗೈಯ ಬೊಬ್ಬೆ ಒಡೆದು ಹುಟ್ಟಿನ ಹಿಡಿ ಒದ್ದೆಯಾಯಿತು. ಮೊದಲ ಡಬ್ಬಿ ದಾಟಿತು. ನಡುಮಧ್ಯದ ಡಬ್ಬಿ ಬಂತು. ಸಾಹೇಬ ಒಂದು ಬಾಟಲಿ ತುಂಬಿದ, ಮೀಟರಿನ ತಂತಿ ನೀರಿಗೆ ಬಿಟ್ಟ, ಎಂಟು ಎಂದು ಬರೆದುಕೊಂಡ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ದೋಣಿ ತಿರುಗಿತು.

"ಏಯ್, ಎಲ್ಲಿಗೆ?"

ಅವಳು ಬೆನ್ನು ಬಗ್ಗಿಸಿ ಎಳೆದಳು. ಬಗ್ಗುವುದು, ಎಳೆಯುವುದು. ನೀರಿನ ಬಣ್ಣ ಮಾಸಲಾಯಿತು, ಹಸಿರಾಯಿತು, ಆಮೇಲೆ ಕಪ್ಪಾಯಿತು. ಹುಟ್ಟಿಗೆ ಲೋಳೆ ಅಂಟಿ ಭಾರವಾಯಿತು. ವಾಸನೆ ಮುಖಕ್ಕೆ ಹೊಡೆಯಿತು. ಕೈಯಳತೆಯ ದೂರದಲ್ಲಿ ಪೈಪು ಗೊಳಗೊಳ ಕಕ್ಕುತ್ತಿತ್ತು. ಮೂರನೇ ಡಬ್ಬಿಯ ಕೆಂಪು ಬಣ್ಣ ಎಂದೋ ಹೋಗಿತ್ತು.

ಅವಳು ಎರಡೂ ಹುಟ್ಟನ್ನು ಒಳಗೆಳೆದು, ಅಡ್ಡಡ್ಡ ತೊಡೆಯ ಮೇಲಿಟ್ಟುಕೊಂಡು ಕೂತಳು.

"ತುಂಬಿಸಿ ಸಾಹೇಬ್ರೆ."

"ತಲೆ ಕೆಟ್ಟಿದೆಯಾ ನಿಂಗೆ? ದೋಣಿ ತಿರುಗಿಸು."

"ಮೂರನೇ ಬಾಟ್ಲಿ ಇಲ್ಲೇ ತುಂಬೋದು ಅಂತ ಕಾಗದದಲ್ಲಿದೆ."

"ಕಾಗದ ನಂಗೆ ಓದಿ ಹೇಳ್ತೀಯಾ? ಕೆಲಸ ಬೇಕೋ ಬೇಡ್ವೋ?"

"ಬೇಕಿತ್ತು. ಏಳು ವರ್ಷ ಬೇಕಿತ್ತು."

"ನೋಡು, ನಂಗೂ ಮೇಲಿನೋರಿದಾರೆ. ನಾನು ಬೇಕಂತ ಮಾಡಿದ್ದಲ್ಲ..."

"ಬೇಕಂತ ಮಾಡಿದ್ರಿ ಅಂತ ನಾನು ಅಂದ್ನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸಾಹೇಬನ ಕಿವಿ ಕೆಂಪಾಯಿತು. ಕರವಸ್ತ್ರ ಮೂಗಿಗೆ ಒತ್ತಿಕೊಂಡು ಇನ್ನೊಂದು ಕೈಯನ್ನು ಹುಟ್ಟಿಗೆ ಚಾಚಿದ. ದೋಣಿ ವಾಲಿತು. ಪೆಟ್ಟಿಗೆ ಜಾರಿತು. ಅವನು ಹಲಗೆಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತುಬಿಟ್ಟ. ಈಜು ಬಾರದವನು ಅವನು. ಅದು ಅವಳಿಗೆ ಗೊತ್ತು.

"ಹೋಗ್ಬೇಕು ಅನ್ನಿಸಿದ್ರೆ ಇಳೀರಿ. ಇಲ್ಲಿ ಸೊಂಟದಷ್ಟೇ ನೀರು. ನನ್ನ ತಮ್ಮ, ನಾನು, ನಮ್ಮ ಹೆಂಗಸ್ರು ನಾಲ್ಕು ದಿನ ಇದರಲ್ಲೇ ನಿಂತಿದ್ವಿ. ಸಾಯ್ಲಿಲ್ಲ ನೋಡಿ. ಮೀನು ಮಾತ್ರ ಸತ್ತಿದ್ದು."

ಅವನು ನೀರು ನೋಡಿದ. ಇಳಿಯಲಿಲ್ಲ. ಹತ್ತು ನಿಮಿಷವೋ ಅರ್ಧ ಗಂಟೆಯೋ, ಪೈಪು ಕಕ್ಕುತ್ತಲೇ ಇತ್ತು. ನೊಣಗಳು ಪ್ಲಾಸ್ಟಿಕ್ ಹಾಳೆಯ ಮೇಲೆ ಕೂತವು, ಅವನ ಮಂಡಿಯ ಮೇಲೆ ಕೂತವು. ಕೊನೆಗೆ ಅವನು ಕರವಸ್ತ್ರದ ಒಳಗಿನಿಂದಲೇ ಹೇಳಿದ:

"ದಯವಿಟ್ಟು ತಿರುಗಿಸ್ರೀ. ತಲೆ ಸುತ್ತಿ ಬರ್ತಿದೆ ನಂಗೆ."

ಏಳು ವರ್ಷದಲ್ಲಿ ಮೊದಲ ಸಲ ಅವನು ಅವಳಿಗೆ ಬಹುವಚನ ಹಚ್ಚಿದ. ಅವಳಿಗೆ ಅದರಿಂದ ಸಂತೋಷವೇನೂ ಆಗಲಿಲ್ಲ. ಇಷ್ಟು ಮಾತಿಗೆ ಇಷ್ಟು ಹೊಲಸು ಬೇಕಾಯಿತೇ ಎಂದು ಸಿಟ್ಟು ಇನ್ನೂ ಏರಿತು.

"ತುಂಬಿಸಿ. ತಿರುಗಿಸ್ತೀನಿ."

ಅವನು ತುಂಬಿಸಿದ. ತೋಳು ಮೊಣಕೈವರೆಗೆ ಕಪ್ಪಾಯಿತು. ಮೀಟರಿನ ತಂತಿ ಇಳಿಬಿಟ್ಟ. ಅಂಕಿ ಎಂಟರಿಂದ ಇಳಿಯಿತು. ಐದು. ಮೂರು. ಒಂದು. ಅದಕ್ಕೂ ಕೆಳಗೆ ಹೋಗಿ ನಿಂತಿತು. ಐದಕ್ಕಿಂತ ಕೆಳಗಿಳಿದರೆ ಮೀನು ಬಾಯಿ ಬಿಡುತ್ತದೆ, ಎರಡಕ್ಕಿಳಿದರೆ ಸಾಯುತ್ತದೆ ಎಂದು ಮೊದಲ ವರ್ಷ ಅವನೇ ಅವಳಿಗೆ ಹೇಳಿದ್ದ. ಆಗ ಹೊಸಬ, ಹುರುಪಿನಲ್ಲಿದ್ದ.

"ಬರ್ಕೊಳ್ಳಿ" ಎಂದಳು. ಅವನು ಬರೆದ. ಅವಳು ಪೆನ್ನು ಕೇಳಿ ತೆಗೆದುಕೊಂಡು ಅಲ್ಲೇ, ಆ ವಾಸನೆಯಲ್ಲೇ, ಕೆಳಗೆ ರುಜು ಹಾಕಿದಳು. ಆಮೇಲೆ ದೋಣಿ ತಿರುಗಿಸಿದಳು. ದಂಡೆಗೆ ಬಂದಾಗ ಸಾಹೇಬ ಹಾಳೆ ಮರೆತು ಹೋದ.

ಮಾರನೇ ದಿನ ಅವಳ ಕೆಲಸ ಹೋಯಿತು. ಕಾರಣ ಬರೆದಿರಲಿಲ್ಲ. ಹೋಗಲಿ, ಸಭೆಯಲ್ಲಿ ಅಂಕಿ ಮಾತಾಡುತ್ತದೆ ಎಂದು ಅವಳು ಸುಮ್ಮನಿದ್ದಳು. ತಮ್ಮ ಸಂಜೆ ಅವಳ ಮನೆಗೆ ಬಂದು ಜಗಲಿಯಲ್ಲಿ ಕೂತು ಹೋದ. ಕೂತದ್ದೇ ದೊಡ್ಡದು.

ಸಭೆ ಮೇಲ್ದಂಡೆಯ ಕಚೇರಿಯ ಹಾಲಿನಲ್ಲಿ ನಡೆಯಿತು. ಕುರ್ಚಿಗಳು ಖಾಲಿ ಇದ್ದವು. ಕೆಳದಂಡೆಯವರಿಗೆ ಹಿಂದಿನ ಗೋಡೆ ತೋರಿಸಿದರು. ಗೋಡೆಯ ಬುಡಕ್ಕೆ ಹಳೆಯ ಪತ್ರಿಕೆ ಹಾಸಿದ್ದರು. ಅದರ ಮೇಲೆ ನಿಂತರು. ವಸತಿಗೃಹದ ಮ್ಯಾನೇಜರ್ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಬಾಟಲಿ ಸಾಹೇಬ ಮೂಲೆಯಲ್ಲಿ ತಲೆ ತಗ್ಗಿಸಿದ್ದ.

ಇಲಾಖೆಯ ಕೆರೆ ಸಮಿತಿಯ ಅಧ್ಯಕ್ಷರು ವರದಿ ಓದಿದರು. ಅಂಕಿ ಮುಚ್ಚಿಡಲಿಲ್ಲ. ಅದನ್ನು ಮುಚ್ಚಿಡುತ್ತಾರೆ ಎಂದು ಹೆದರಿದ್ದ ದೋಣಿಯಕ್ಕ ಉಸಿರು ಬಿಟ್ಟಳು.

"ಮೂರನೇ ಜಾಗದ ನೀರು ಮುಟ್ಟಲೂ ಯೋಗ್ಯವಲ್ಲ ಎಂದು ತಿಳಿದುಬಂದಿದೆ" ಎಂದು ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. "ಇಂಥ ನೀರಿನ ಮೀನು ತಿಂದರೆ ಜನರ ಆರೋಗ್ಯಕ್ಕೆ ಅಪಾಯ. ಆದ್ದರಿಂದ ಮೀನು ಹಿಡಿಯುವುದನ್ನು ಮೂರು ವರ್ಷದ ಬದಲು ಐದು ವರ್ಷ ನಿಷೇಧಿಸಲಾಗಿದೆ."

"ಪೈಪು?" ಎಂದಳು ದೋಣಿಯಕ್ಕ.

"ಏನಮ್ಮ?"

"ನೀರು ಕೆಟ್ಟಿರೋದು ಪೈಪಿನಿಂದ. ಪೈಪು ಮುಚ್ಚೋದು ಯಾವಾಗ?"

"ಅದು ಬೇರೆ ಇಲಾಖೆಗೆ ಬರುತ್ತೆ. ನಾವು ಬರೀ ನೀರು, ಮೀನು."

"ಪೈಪಿನೊಳಗಿರೋದು ನೀರಲ್ವಾ?"

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ನಗಲಿಲ್ಲ. ಒಳ್ಳೆಯ ದನಿಯಲ್ಲೇ ಹೇಳಿದರು: "ನೋಡಿ, ಪರೀಕ್ಷೆ ಮಾಡಿ ಅಂತ ಹಠ ಹಿಡಿದೋರು ನೀವೇ. ಮಾಡಿದ್ವಿ. ಫಲಿತಾಂಶ ಬಂತು. ನಿಮ್ಮ ಒಳ್ಳೇದಕ್ಕೇ ಈ ತೀರ್ಮಾನ. ಜಾಗದಲ್ಲಿ ಎಚ್ಚರಿಕೆಯ ಬೋರ್ಡೂ ಹಾಕಿಸ್ತೀವಿ."

ಸುಳ್ಳು ಹೇಳಿದ್ದರೆ ಹಿಡಿದು ಜಗ್ಗಬಹುದಿತ್ತು. ಇವರು ಅವಳು ತಂದುಕೊಟ್ಟ ನಿಜದಿಂದಲೇ ಅವಳ ಕುತ್ತಿಗೆ ಕುಯ್ದಿದ್ದರು. ಹೊರಗೆ ಬರುವಾಗ ಜವಾನನೊಬ್ಬ ಅವರು ನಿಂತಿದ್ದ ಪತ್ರಿಕೆಗಳನ್ನು ಎರಡು ಬೆರಳಿನಲ್ಲಿ ಎತ್ತಿ ಮಡಚುತ್ತಿದ್ದ.

ದಾರಿಯುದ್ದಕ್ಕೂ ಗೊಣಗಾಟ. "ಮೂರು ಇದ್ದದ್ದನ್ನ ಐದು ಮಾಡಿಸಿದ್ಳು ಪುಣ್ಯಾತ್ಗಿತ್ತಿ" ಎಂದು ಗುಂಡಿ ತೋಡಿದ ಮುದುಕ ಅವಳಿಗೆ ಕೇಳುವಂತೆಯೇ ಹೇಳಿದ. "ಸುಮ್ನಿದ್ದಾಗ ಏಳು ವರ್ಷ ಸುಮ್ನಿದ್ಳು. ಬಾಯಿ ಬಿಟ್ಳು, ಎಲ್ಲಾರ ಬಾಯಿಗೂ ಮಣ್ಣು."

"ತಾತಾ, ಅವಳ ಮೇಲೆ ಯಾಕೆ ಹಾರ್ತೀಯ?" ಎಂದ ತಮ್ಮ. ಆದರೆ ಅವನ ದನಿಯಲ್ಲೂ ಜೀವವಿರಲಿಲ್ಲ.

ಬೋರ್ಡು ಎರಡೇ ದಿನದಲ್ಲಿ ಬಂತು. ಹೊಸ ಕಬ್ಬಿಣದ ಕಂಬ, ಬಿಳಿಯ ಹಲಗೆ, ಕೆಂಪು ಅಕ್ಷರ: 'ಈ ನೀರನ್ನು ಮುಟ್ಟಬಾರದು.' ಅದರ ಹಿಂದೆ ಪೈಪು ಮೊದಲಿನ ಹಾಗೇ ಕಕ್ಕುತ್ತಿತ್ತು. ಬೋರ್ಡು ನೆಡಲು ಕೆಳದಂಡೆಯವರನ್ನೇ ಕರೆದರು. ಆ ನೀರಿನಲ್ಲಿ ಇಳಿದು ಗುಂಡಿ ತೋಡಿ ಕಂಬ ನಿಲ್ಲಿಸಬೇಕಿತ್ತು. ಯಾರೂ ಹೋಗಲಿಲ್ಲ. ಬೋರ್ಡು ತಂದವರೇ ಅದನ್ನು ದಡದ ಮೇಲೆ ನೆಟ್ಟು ಹೋದರು.

ಅವತ್ತೇ ತಮ್ಮನ ಹೆಂಡತಿ ಹಿಂಬಾಗಿಲಿನಲ್ಲಿ ಕಂಕುಳ ಎತ್ತಲಿಲ್ಲ. "ನಿಮ್ಮ ವಾಸನೆ ನಮ್ಮ ಮನೆ ಬಾಗಿಲಿಗೆ ಬರುತ್ತೆ. ನಾವೇನು ನಿಮಗೆ ಪಿಚಕಾರಿ ಹೊಡೀತೀವಾ?" ಎಂದಳಂತೆ. ಕಾವಲುಗಾರ ಒಳಗೆ ಬಿಡಲಿಲ್ಲ. ಹಿಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವಳ ಹಿಂದೆಯೇ ತಿರುಗಿ ನಡೆದರು. ಹನ್ನೊಂದು ಜನ, ಬೆಳಿಗ್ಗೆ ಎಂಟಕ್ಕೆ ಹೋದವರು ಎಂಟೂವರೆಗೆ ಮನೆಯಲ್ಲಿದ್ದರು.

ದೋಣಿಯಕ್ಕನ ಅಂಗಳದಲ್ಲಿ ಸೇರಿದಾಗ ತಮ್ಮನ ಹೆಂಡತಿ ಮೇಲ್ದಂಡೆಯತ್ತ ಕೈ ತೋರಿಸಿದಳು.

"ನಲವತ್ತೆರಡು ಕಕ್ಕಸು ಅಕ್ಕಾ. ಎಲ್ಲಾ ನಾನೇ ತೊಳೆದಿರೋದು. ಎಲ್ಲಾ ಒಂದೇ ಪೈಪಿಗೆ ಹೋಗೋದು. ಬೇರೆ ದಾರಿ ಇಲ್ಲ ಅದಕ್ಕೆ."

ದೋಣಿಯಕ್ಕ ತಲೆಯೆತ್ತಿದಳು. "ಬೇರೆ ದಾರಿನೇ ಇಲ್ವಾ?"

"ಇಲ್ಲ. ಒಂದ್ಸಲ ಆ ಪೈಪಲ್ಲಿ ಬಟ್ಟೆ ಸಿಕ್ಕಿಕೊಂಡಿತ್ತು. ಅರ್ಧ ದಿನದಲ್ಲಿ ಕೆಳಗಿನ ಮಹಡಿ ಪೂರ್ತಿ ಉಕ್ಕಿತ್ತು. ನನ್ನನ್ನೇ ಇಳಿಸಿ ತೆಗೆಸಿದ್ರು."

ತಮ್ಮ ಎದ್ದು ಒಳಗೆ ಹೋದ. ಹೊರಗೆ ಬರುವಾಗ ಹೆಗಲ ಮೇಲೆ ದೊಡ್ಡ ಬಲೆಯಿತ್ತು. ಅವರಪ್ಪ ಹೆಣೆದ ಬಲೆ. ನಾಲ್ಕು ಜನ ಎಳೆಯುತ್ತಿದ್ದದ್ದು.

"ಐದು ವರ್ಷ ಬೀಸೋ ಹಾಗಿಲ್ಲ" ಎಂದ. "ಸುಮ್ನೆ ಗೋಡೆಗೆ ನೇತು ಹಾಕಿ ಇಲಿಗೆ ಕೊಡೋದ್ಯಾಕೆ?"

ಹಾಡಹಗಲೇ ಹೋದರು. ಕದ್ದು ಮಾಡುವ ಕೆಲಸವಾಗಿರಲಿಲ್ಲ. ಮನೆಮನೆಯಿಂದ ಬಲೆ ಬಂದವು. ಗೋಣಿಚೀಲಗಳಿಗೆ ಒದ್ದೆ ಮರಳು ತುಂಬಿದರು. ದೋಣಿಯಕ್ಕ ಸೊಂಟದವರೆಗೆ ಇಳಿದಳು. ಬೆಚ್ಚಗಿನ ಹೊಲಸು ಹೊಟ್ಟೆಗೆ ಬಡಿಯಿತು. ತುಟಿ ಬಿಗಿದುಕೊಂಡು ಮೊದಲ ಬಲೆಯನ್ನು ಸುರುಳಿ ಸುತ್ತಿ ಪೈಪಿನ ಬಾಯಿಗೆ ತುರುಕಿದಳು. ಪೈಪು ಅದನ್ನು ಉಗಿದುಬಿಟ್ಟಿತು. ತಮ್ಮ ಹಿಂದಿನಿಂದ ಹೆಗಲು ಕೊಟ್ಟ. ಇನ್ನೊಮ್ಮೆ ತುರುಕಿದರು. ಹುಟ್ಟಿನ ತುದಿಯಿಂದ ಗುದ್ದಿದರು. ಒಂದರ ಮೇಲೊಂದು ಬಲೆ, ಅದರ ಮೇಲೆ ಮರಳಿನ ಚೀಲ, ಚೀಲದ ಮೇಲೆ ಕಲ್ಲು. ಬೈಯುತ್ತಿದ್ದ ಮುದುಕನೂ ಒಂದು ಚೀಲ ಎಳೆದುಕೊಂಡು ಬಂದ. "ಅಳ್ಳಕ ಇದೆ, ಎಡಕ್ಕೆ ಬಿಗೀರಿ" ಎಂದು ಅಪ್ಪಣೆಯನ್ನೂ ಕೊಟ್ಟ. ಗೊಳಗೊಳ ನಿಂತು ಬುಳುಬುಳು ಆಯಿತು. ಆಮೇಲೆ ಅದೂ ನಿಂತಿತು.

ಹದಿನೈದು ವರ್ಷದಿಂದ ಕೇಳಿ ಕೇಳಿ ಕಿವಿಗೆ ಅಂಟಿದ್ದ ಸದ್ದು ಇಲ್ಲವಾಗಿ ಎಲ್ಲರಿಗೂ ಒಂಥರ ಆಯಿತು. ಚೀಲಗಳ ಮೇಲೆ ಹತ್ತಿ ಕೂತರು.

ಮಧ್ಯಾಹ್ನ ಮೂರಕ್ಕೆ ಮ್ಯಾನೇಜರ್ ಇಳಿದು ಬಂದ. ಮೇಲ್ದಂಡೆಯಿಂದ ಅವನು ಇಷ್ಟು ಕೆಳಗೆ ಬಂದದ್ದು ಅದೇ ಮೊದಲು. ಬಿಳಿಯ ಬೂಟು ಕೆಸರಿನಲ್ಲಿ ಹೂತುಕೊಂಡಿತು. ಹಿಂದೆ ಕಾವಲುಗಾರ, ಅವನ ಹಿಂದೆ ಬಾಟಲಿ ಸಾಹೇಬ.

"ಯಾರು ಮಾಡಿದ್ದು ಇದು? ತೆಗೀರಿ! ಪೊಲೀಸ್ನೋರಿಗೆ ಫೋನ್ ಮಾಡಿದೀನಿ."

ಪೊಲೀಸರು ಬರುತ್ತಾರೆ ಎಂದು ದೋಣಿಯಕ್ಕನಿಗೆ ಬೆಳಿಗ್ಗೆಯೇ ಗೊತ್ತಿತ್ತು. ಎಳೆದೊಯ್ಯುತ್ತಾರೆ. ಅವಳನ್ನು ಮೊದಲು. ಒಲೆಯ ಬೆಂಕಿ ನೀರು ಹಾಕಿ ಆರಿಸಿ, ಬಾಗಿಲಿಗೆ ಅಗಳಿ ಹಾಕಿಯೇ ಬಂದಿದ್ದಳು.

"ಬರ್ಲಿ. ನಮ್ಮನ್ನ ಎತ್ಕೊಂಡು ಹೋಗ್ಲಿ" ಎಂದಳು. "ಆಮೇಲೆ ಇದನ್ನ ತೆಗೆಯೋದು ಯಾರು?"

ಮ್ಯಾನೇಜರ್ ಕಾವಲುಗಾರನ ಕಡೆ ತಿರುಗಿದ. ಕಾವಲುಗಾರ ಒಂದು ಹೆಜ್ಜೆ ಹಿಂದೆ ಸರಿದ. "ಸಾರ್, ಅದು ನನ್ನ ಕೆಲಸ ಅಲ್ಲ ಸಾರ್." ಮ್ಯಾನೇಜರ್ ಬಾಟಲಿ ಸಾಹೇಬನನ್ನು ನೋಡಿದ. ಅವನು ತನ್ನ ತೋಳನ್ನು ನೋಡಿಕೊಂಡ. ಕೊನೆಗೆ ಮ್ಯಾನೇಜರ್ ತಮ್ಮನ ಹೆಂಡತಿಯತ್ತ ಬೆರಳು ಮಾಡಿದ. ಅವಳ ಹೆಸರು ಅವನಿಗೆ ಗೊತ್ತಿರಲಿಲ್ಲ.

"ನೀನು. ನೀನು ನಮ್ಮಲ್ಲೇ ಕೆಲ್ಸ ಮಾಡೋಳು ತಾನೆ? ಹಿಂದೆ ತೆಗೆದಿದ್ದೆಯಲ್ಲ. ಇಳಿ. ತೆಗಿ."

ಅವಳು ಚೀಲದ ಮೇಲೆ ಸರಿಯಾಗಿ ಕೂತುಕೊಂಡಳು.

"ನಾನು ತೆಗೆಯಲ್ಲ."

"ಮತ್ಯಾರು ತೆಗೀತಾರೆ?"

ಕೂತಿದ್ದವರ ಮುಖಗಳನ್ನು ಅವನು ಒಂದೊಂದಾಗಿ ನೋಡುತ್ತ ಹೋದ. ಈ ಊರಿನಲ್ಲಿ ಹೊಲಸಿಗೆ ಕೈ ಹಾಕುವವರೆಲ್ಲ ಅಲ್ಲೇ ಕೂತಿದ್ದರು. ಒಬ್ಬರೂ ಏಳಲಿಲ್ಲ.

ಮೇಲಿನಿಂದ ಇನ್ನೊಬ್ಬ ಓಡಿಬಂದ. ಅವನ ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿತ್ತು. ಏದುಸಿರಿನಲ್ಲೇ ಕೂಗಿದ:

"ಸಾರ್, ಹೊಲಸು ಊಟದ ಕೋಣೆಗೂ ಉಕ್ಕಿ ಬಂತು ಸಾರ್!"

ದೋಣಿಯಕ್ಕ ಕಾಲು ನೀಡಿ ಕೂತಳು.